ಗಾಳಿಯ ಲೆಕ್ಕಕ್ಕೆ ಗಡಿ ಎಳೆದ ಲೂಯಿಸ್ ಫ್ರೈ ರಿಚರ್ಡ್‌ಸನ್



ಆಷಾಢ ಬಂತೆಂದರೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಪಲ್ಲಡಂ, ಉಡುಮಲೈಪೇಟೆಯ ಗಾಳಿಯಂತ್ರಗಳನ್ನು ತಿರುಗಿಸುವುದನ್ನು ತಿರುಪ್ಪೂರಿನ ನಾವು ವರ್ಷವೂ ನೋಡುತ್ತೇವೆ. ಇಂಥ ಗಾಳಿಯ ಓಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಆ ಜಾಗವನ್ನೆಲ್ಲ ಚದುರಂಗದ ಮನೆಗಳಂತೆ ವಿಂಗಡಿಸಿ, ಹಲವು ಪ್ರೊಸೆಸರುಗಳಿಗೆ ಪಾಲು ಹಂಚುತ್ತಾರೆ. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇದನ್ನು ಯೋಚಿಸಿದವರು ರಿಚರ್ಡ್‌ಸನ್.

ಅವರು 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ಓದಿ, ಮುಂದೆ ಹವಾಮಾನ ಇಲಾಖೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ, 1916ರಿಂದ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದರು. ಬಿಡುವಿನಲ್ಲಿ, 1910ರ ಮೇ 20ರ ಆರು ಗಂಟೆಗಳ ಹವಾಮಾನವನ್ನು ಕೈಲೆಕ್ಕದಿಂದಲೇ ಕಂಡುಕೊಳ್ಳಲು ಕುಳಿತರು. ವಾರಗಟ್ಟಲೆ ದುಡಿದು ಬಂದ ಉತ್ತರ ಪೂರ್ತಿ ತಪ್ಪು. ಗಾಳಿಯ ಒತ್ತಡ 145 ಮಿಲಿಬಾರ್ ಏರುವುದೆಂದು ಲೆಕ್ಕ ಹೇಳಿತು. ನಿಜದಲ್ಲಿ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. 1917ರ ಕಾಳಗದ ನಡುವೆ ಹಸ್ತಪ್ರತಿಯೂ ಕಳೆದುಹೋಗಿ, ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. ಸೋಲನ್ನು ಮುಚ್ಚಿಡದೆ 1922ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು.

ಅದರಲ್ಲೊಂದು ಕಲ್ಪನೆಯಿದೆ. ಭೂಮಿಯ ನಕ್ಷೆ ಬರೆದ ದೊಡ್ಡ ಸಭಾಂಗಣದಲ್ಲಿ 64,000 ಮಂದಿ ತಮ್ಮ ತಮ್ಮ ಪಾಲಿನ ಲೆಕ್ಕ ಮಾಡಿ, ಸಂಖ್ಯೆಗಳನ್ನು ಪಕ್ಕದವರಿಗೆ ತೋರಿಸುತ್ತಾರೆ. ನಡುವೆ ನಿಂತ ಮೇಲ್ವಿಚಾರಕ ಮುಂದೆ ಓಡುವವರ ಮೇಲೆ ಗುಲಾಬಿ ಬೆಳಕನ್ನೂ ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕನ್ನೂ ಹಾಯಿಸುತ್ತಾನೆ. ನಮ್ಮ ಬನಿಯನ್ ಕಂಪನಿಗಳಲ್ಲೂ ಹೀಗೇ ಅಲ್ಲವೇ? ಒಂದು ಟೇಬಲ್ ಹಿಂದೆ ಬಿದ್ದರೆ ಇಡೀ ಆರ್ಡರ್ ತಡವಾಗುತ್ತದೆ. ಮುಂದೆ ಮನುಷ್ಯರ ಜಾಗಕ್ಕೆ ಪ್ರೊಸೆಸರುಗಳು ಬಂದವು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರಿನ ಕೆಲಸ ಶುರುಮಾಡಿತು.

ಪಾಲು ಮಾಡುವ ವಿಧಾನ ಆರಿಸುವಾಗ ಇಂದಿಗೂ ಮುಖ್ಯ ಪ್ರಶ್ನೆ ಎರಡು: ಕೆಲಸ ಸಮವಾಗಿದೆಯೇ? ಗಡಿ ಚಿಕ್ಕದಾಗಿದೆಯೇ? ಉದ್ದಕ್ಕೆ 64, ಅಗಲಕ್ಕೆ 64 ಮನೆಗಳಿದ್ದು, 16 ಪಾಲು ಮಾಡಬೇಕೆನ್ನೋಣ. ಪಟ್ಟಿಗಳಾಗಿ ಕತ್ತರಿಸಿದರೂ ಚೌಕಗಳಾಗಿ ಕತ್ತರಿಸಿದರೂ ಪಾಲಿಗೆ 256 ಮನೆಗಳೇ. ಆದರೆ ನಡುವಿನ ಪಟ್ಟಿಗೆ ನೆರೆಯವರೊಡನೆ 128 ಮನೆಗಳಷ್ಟು ಗಡಿ, ನಡುವಿನ ಚೌಕಕ್ಕೆ 64 ಮಾತ್ರ. ಗಡಿ ಬೆಳೆದಷ್ಟೂ ಸಂಖ್ಯೆಗಳ ವಿನಿಮಯಕ್ಕೇ ಹೊತ್ತು ಹೋಗುತ್ತದೆ. ಮನೆಗಳೆಲ್ಲ ಒಂದೇ ಅಳತೆಯವಾದರೆ ಈ ನೇರ ಕತ್ತರಿಕೆ ಸಾಕು. ಕಣಿವೆಯಲ್ಲಿ ಒತ್ತಾಗಿ, ಬಯಲಲ್ಲಿ ವಿರಳವಾಗಿದ್ದರೆ, ಯಾವ ಮನೆಗೆ ಯಾವುದು ನೆರೆ ಎಂದು ಎಣಿಸಿ ಕತ್ತರಿಸುವ ಮೆಟಿಸ್‌ನಂಥ ತಂತ್ರಾಂಶ ಒಳ್ಳೆಯದು.

1920ರಲ್ಲಿ ಹವಾಮಾನ ಇಲಾಖೆ ವಾಯುಪಡೆಯನ್ನು ನಡೆಸುವ ಸಚಿವಾಲಯದ ಕೈಗೆ ಹೋದಾಗ ರಿಚರ್ಡ್‌ಸನ್ ಕೆಲಸ ಬಿಟ್ಟರು. ಮುಂದೆ ಯುದ್ಧಗಳ ಕಾರಣ ಹುಡುಕಹೊರಟರು. ದೇಶಗಳ ಗಡಿಯ ಉದ್ದಕ್ಕೂ ಯುದ್ಧಕ್ಕೂ ನಂಟಿದೆಯೇ ಎಂದು ನೋಡುವಾಗ, ಒಂದೇ ಗಡಿ ಸ್ಪೇನಿನ ಲೆಕ್ಕದಲ್ಲಿ 987 ಕಿ.ಮೀ., ಪೋರ್ಚುಗಲ್ ಲೆಕ್ಕದಲ್ಲಿ 1214 ಕಿ.ಮೀ. ಇರುವುದು ಕಂಡಿತು. ಅಳೆಯುವ ಕೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತದೆಂದು ಅವರು ತೋರಿಸಿದರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನಲ್ಲಿ ನಿಧನರಾದರು. ಗಡಿಯ ಕುರಿತ ಬರಹ ಬೆಳಕು ಕಂಡದ್ದು 1961ರಲ್ಲಿ.

ಪಕ್ಕದವರು ತಮ್ಮ ಸಂಖ್ಯೆ ಹೇಳದಿದ್ದರೆ ಯಾರ ಲೆಕ್ಕವೂ ಮುಂದೆ ಸಾಗದು ಎಂಬುದು ಅವರ ಸಭಾಂಗಣದ ನಿಯಮ. ಗಡಿಯೂರುಗಳಲ್ಲಿ ಬಾಳುವ ನಮಗೆ ಇದು ಹೊಸ ಮಾತಲ್ಲ. ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳಿಗೆ ಈ ಬದುಕಿನ ಕಥೆ ಹೇಳೋಣ.