ಫ್ಲೆಮಿಂಗ್‌ಗೆ ರೈಲು ತಪ್ಪಿದ್ದು

1876ರಲ್ಲಿ ಐರ್ಲೆಂಡಿನ ಒಂದು ಸ್ಟೇಷನ್‌ನಲ್ಲಿ ಸ್ಯಾಂಡ್‌ಫರ್ಡ್ ಫ್ಲೆಮಿಂಗ್‌ಗೆ ರೈಲು ತಪ್ಪಿತು. ವೇಳಾಪಟ್ಟಿಯಲ್ಲಿ ಎ.ಎಂ. ಬದಲು ಪಿ.ಎಂ. ಅಂತ ಅಚ್ಚಾಗಿತ್ತು, ಸಂಜೆ ಬಂದವರು ಬೆಳಗಿನವರೆಗೆ ಕಾಯಬೇಕಾಯ್ತು. ನಾವಾಗಿದ್ರೆ ಬೈದು ಮರೀತಿದ್ವಿ.

1827ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 18ನೇ ವಯಸ್ಸಿಗೆ ಕೆನಡಾಕ್ಕೆ ಹೋದ ಇವರು ರೈಲ್ವೆ ಇಂಜಿನಿಯರ್. (ಅಲ್ಲಿನ ಮೊದಲ ಅಂಚೆಚೀಟಿಯ ವಿನ್ಯಾಸವೂ ಇವರದೇ!) ಆಗ ಊರಿಗೊಂದು ಸಮಯ. ಇಡೀ ಭೂಮಿಗೆ ಒಂದೇ ಸಮಯ, ಅದರಿಂದ 24 ವಲಯ ಇರಲಿ ಅಂತ ಇವರು ವರ್ಷಗಟ್ಟಲೆ ವಾದಿಸಿದ್ರು. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಒಪ್ಪಿತು, ವಲಯಗಳನ್ನು ಮಾತ್ರ ತೀರ್ಮಾನಿಸಲಿಲ್ಲ. ದೇಶಗಳು ತಮಗೆ ಬೇಕಾದ ಹಾಗೆ ಆರಿಸಿಕೊಂಡವು. ನಮಗೆ 1906ರಲ್ಲಿ ಐದೂವರೆ ಗಂಟೆಯ ವ್ಯತ್ಯಾಸ ಬಂತು. ಫ್ಲೆಮಿಂಗ್ 1915ರಲ್ಲಿ ತೀರಿಕೊಂಡರು.

ರಾತ್ರಿ 2ಕ್ಕೆ ಕ್ರಾಶ್ ಆದ ಸರ್ವರ್‌ನ ಲಾಗ್‌ನಲ್ಲಿ ಹಿಂದಿನ ದಿನದ 20:30 ಅಂತ ಕಂಡರೆ ಗಾಬರಿ ಬೇಡ. ಅದು ಯುಟಿಸಿ, ಹೆಚ್ಚುಕಡಿಮೆ ಅವರು ಕೇಳಿದ್ದ ಆ ಒಂದೇ ಸಮಯ. ಡೇಟಾಬೇಸ್‌ನಲ್ಲಿ ಅದನ್ನೇ ಇಟ್ಟು, ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸ್ತೀವಿ.