ಮಣೆಯ ಮೇಲಿನ ರಾಜ್ಯ

ದೊಡ್ಡವರ ಚರಿತ್ರೆಯನ್ನು ಓದುವಾಗ ಅವರ ಯುದ್ಧ, ಕೌಲು, ಕಾಯಿದೆಗಳಿಗಿಂತ ಅವರ ಸಣ್ಣಪುಟ್ಟ ಅಭ್ಯಾಸಗಳೇ ನೆನಪಿನಲ್ಲಿ ಉಳಿಯುವುದುಂಟು. ಅಮೆರಿಕದ ಅಧ್ಯಕ್ಷರನ್ನೇ ನೋಡಿ. ಜಾನ್ ಕ್ವಿನ್ಸಿ ಆಡಮ್ಸ್ ಬೇಸಿಗೆಯ ಬೆಳಗಿನ ಜಾವಕ್ಕೆದ್ದು ಪೊಟೊಮ್ಯಾಕ್ ನದಿಯಲ್ಲಿ ಈಜುತ್ತಿದ್ದ. ಲಿಂಕನ್ ತನ್ನ ಉದ್ದನೆಯ ಟೋಪಿಯೊಳಗೇ ಕಾಗದಪತ್ರಗಳನ್ನು ಇಟ್ಟುಕೊಳ್ಳುತ್ತಿದ್ದ. ಗಾರ್ಫೀಲ್ಡನು ಅಧ್ಯಕ್ಷಪದವಿಗೇರುವುದಕ್ಕೆ ಐದು ವರ್ಷ ಮೊದಲು, 1876ರಲ್ಲಿ, ಪೈಥಾಗೊರಸನ ಪ್ರಮೇಯಕ್ಕೆ ತನ್ನದೇ ಆದ ಸಾಧನೆಯೊಂದನ್ನು ಪ್ರಕಟಿಸಿದ. ಇಂಥ ಸಂಗತಿಗಳಿಗೆ ತಲೆದೂಗುವ ನಾವು, ನಮ್ಮ ಮೈಸೂರಿನಲ್ಲಿಯೇ ಬಾಳಿದ ದೊರೆಯೊಬ್ಬರ ಸೋಜಿಗದ ಹವ್ಯಾಸವನ್ನು ಬಹುಮಟ್ಟಿಗೆ ಮರೆತಿದ್ದೇವೆ. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಈ ಅರಸರಿಗೆ, ಟಿಪ್ಪು ಸುಲ್ತಾನನು ಮಡಿದ ಮರುತಿಂಗಳು, 1799ರ ಜೂನ್‌ನಲ್ಲಿ, ಪಟ್ಟವಾಯಿತು. ಆಗ ಅವರಿಗೆ ಐದೇ ವರ್ಷ. ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ನೆರಳಿನಲ್ಲಿ, ದಿವಾನ್ ಪೂರ್ಣಯ್ಯನವರ ಬಿಗಿಯಾದ ಆಡಳಿತದಲ್ಲಿ, ಅವರ ಬಾಲ್ಯ ಕಳೆಯಿತು. ಯೌವನದಲ್ಲಿ ಅಧಿಕಾರವು ಕೈಗೆ ಬಂದಾಗ ಅವರ ಔದಾರ್ಯಕ್ಕೆ ಕಟ್ಟಿರಲಿಲ್ಲ. ಬೊಕ್ಕಸಕ್ಕೆ ಮಾತ್ರ ತಳ ಕಾಣತೊಡಗಿತು. ಕಂದಾಯದ ಹೊರೆಯಿಂದ ಬೇಸತ್ತ ರೈತರು 1830ರಲ್ಲಿ ನಗರ ಸೀಮೆಯಲ್ಲಿ ದಂಗೆಯೆದ್ದರು. ಮರುವರ್ಷ ಇಂಗ್ಲಿಷರು ರಾಜ್ಯಭಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರಸರಿಗೆ ಉಳಿದದ್ದು ಬಿರುದು, ಅರಮನೆ ಮತ್ತು ವರ್ಷಾಶನ. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದೆ ಅವರು ಬದುಕಿದ್ದೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಬಾಳಿನ ಸರಿಯರ್ಧವನ್ನು ಅವರು ರಾಜ್ಯವಿಲ್ಲದ ರಾಜರಾಗಿ ಕಳೆಯಬೇಕಾಯಿತು.

ಈ ಉತ್ತರಾರ್ಧವನ್ನು ಅವರು ಹೇಗೆ ತುಂಬಿಕೊಂಡರೆಂಬುದೇ ಇಲ್ಲಿನ ಕುತೂಹಲದ ವಿಷಯ. ಒಡೆಯರಿಗೆ ಆಟವೆಂದರೆ ಪ್ರಾಣ. ಆಡುವುದರಿಂದಷ್ಟೇ ಅವರಿಗೆ ತೃಪ್ತಿಯಿರಲಿಲ್ಲ. ಹೊಸ ಆಟಗಳನ್ನು ಕಲ್ಪಿಸಬೇಕು, ಅವಕ್ಕೆ ನಿಯಮಗಳನ್ನು ಕಟ್ಟಬೇಕು, ಚಿತ್ರ ಬರೆಯಿಸಬೇಕು. ಗಂಜೀಫದ ಎಲೆಗಳಲ್ಲಿಯೇ ಅವರು ಹದಿಮೂರು ಬಗೆಯ ಆಟಗಳನ್ನು ರೂಪಿಸಿದರು. ಅವುಗಳಲ್ಲಿ ಅತ್ಯಂತ ದೊಡ್ಡದಕ್ಕೆ 360 ಎಲೆಗಳು ಬೇಕು! ದೇವತೆಗಳು, ಗ್ರಹಗಳು, ರಾಶಿಗಳು ಅವರ ಎಲೆಗಳಿಗೂ ಮಣೆಗಳಿಗೂ ಇಳಿದುಬಂದವು. ಪುರಾಣ, ಜ್ಯೋತಿಷ, ಗಣಿತ ಮೂರೂ ಆ ಮಣೆಗಳ ಮೇಲೆ ಒಂದಾದವು.

ಚದುರಂಗದ ಕುದುರೆಯ ವಿಷಯದಲ್ಲಂತೂ ಅವರ ಬುದ್ಧಿ ಬೆರಗುಗೊಳಿಸುವಂಥದು. ಕುದುರೆಯು ತನ್ನ ವಕ್ರಗತಿಯಲ್ಲಿಯೇ ನೆಗೆಯುತ್ತ, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ, ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರಬೇಕೆಂಬುದು ಹಳೆಯ ಸಮಸ್ಯೆ. ನಮ್ಮ ಅಲಂಕಾರಿಕರಿಗೆ ಇದು ತುರಗಪದಬಂಧವೆಂದು ಪರಿಚಿತ. ಒಡೆಯರು ಇಷ್ಟಕ್ಕೇ ನಿಲ್ಲಲಿಲ್ಲ. ಕುದುರೆಯ ಹೆಜ್ಜೆಗಳಿಗೆ ಕ್ರಮವಾಗಿ ಒಂದರಿಂದ ಅರವತ್ತನಾಲ್ಕರವರೆಗೆ ಅಂಕೆ ಹಾಕಿದರೆ, ಅಡ್ಡಸಾಲುಗಳನ್ನೇ ಕೂಡಿಸಲಿ, ಉದ್ದಸಾಲುಗಳನ್ನೇ ಕೂಡಿಸಲಿ, ಮೊತ್ತವು 260 ಆಗುವಂತೆ ಒಂದು ಸಂಚಾರವನ್ನು ಅವರು 1850ರ ದಶಕದಲ್ಲಿ ರಚಿಸಿದರು. ಯೂರೋಪಿನ ಗಣಿತಾಸಕ್ತರು ಇದೇ ಬಗೆಯ ಚೌಕಗಳಲ್ಲಿ ತೊಡಗಿದ್ದ ಕಾಲವದು.

ಈ ವಿನೋದಗಳನ್ನೆಲ್ಲ ಅವರು ಶ್ರೀತತ್ತ್ವನಿಧಿಯೆಂಬ ಬೃಹದ್ಗ್ರಂಥದಲ್ಲಿ ಸೇರಿಸಿದರು. ಅದರ ಒಂಬತ್ತು ನಿಧಿಗಳಲ್ಲಿ ಶಕ್ತಿ, ವಿಷ್ಣು, ಶಿವ ಮೊದಲಾದ ದೇವತೆಗಳ ಧ್ಯಾನಸ್ವರೂಪಗಳು ಚಿತ್ರಸಮೇತವಾಗಿ ಬಂದಿವೆ. ಕೊನೆಯ ಕೌತುಕನಿಧಿಯಲ್ಲಿ ಆಟಗಳೂ, ಅವುಗಳ ಜೊತೆಗೆ 122 ಯೋಗಾಸನಗಳ ಚಿತ್ರಗಳೂ ಇವೆ. ದೇವರಿಗೆ ಮೀಸಲಾದ ಗ್ರಂಥದಲ್ಲಿ ಆಟಕ್ಕೂ ಒಂದು ನಿಧಿಯ ಸ್ಥಾನ ದೊರೆತದ್ದು ಸಣ್ಣ ಮಾತಲ್ಲ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆಯೂ ಅವರ ಆಟಗಳು ಚಿತ್ರಗಳಾಗಿ ನಿಂತವು.

ರಾಜ್ಯವನ್ನು ಕಳೆದುಕೊಂಡವನಿಗೆ ಆಟವೇಕೆ ಎಂದು ಕೇಳುವವರುಂಟು. ಆಳುವ ಕಾಲದಲ್ಲಿ ಅವರು ಎಡವಿದ್ದು ನಿಜ; ಆ ತಪ್ಪಿನ ಬೆಲೆಯನ್ನು ತೆತ್ತವರಲ್ಲಿ ನಗರದ ರೈತರೂ ಇದ್ದರೆಂಬುದನ್ನು ಮರೆಯಲಾಗದು. ಆದರೆ ಅವರು ಮಣೆಯ ಮುಂದೆ ಕುಳಿತು ಲೋಕವನ್ನು ಮರೆತವರಲ್ಲ. ಅಧಿಕಾರ ಹೋದ ಎರಡೇ ವರ್ಷಗಳಲ್ಲಿ, 1833ರಲ್ಲಿ, ಅವರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಔರಸ ಪುತ್ರನಿಲ್ಲದೆ ಅವರು ಕಣ್ಮುಚ್ಚಿದರೆ ಮೈಸೂರು ತಮ್ಮ ಪಾಲಿಗೆ ಬರುವುದೆಂಬ ಎಣಿಕೆ ಇಂಗ್ಲಿಷ್ ಅಧಿಕಾರಿಗಳಲ್ಲಿತ್ತು. 1865ರಲ್ಲಿ, ಎಪ್ಪತ್ತು ದಾಟಿದ ಅರಸರು, ಎರಡು ವರ್ಷದ ಮಗು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಎರಡು ವರ್ಷಗಳ ತರುವಾಯ ಬ್ರಿಟಿಷ್ ಸರ್ಕಾರವು ಆ ದತ್ತಕವನ್ನು ಒಪ್ಪಬೇಕಾಯಿತು. ಅದರ ಮರುವರ್ಷ, 1868ರ ಮಾರ್ಚ್ 27ರಂದು, ಅರಸರು ತೀರಿಕೊಂಡರು. 1881ರಲ್ಲಿ ರಾಜ್ಯವು ಆ ದತ್ತುಪುತ್ರರ ಕೈಗೆ ಮರಳಿತು. ಮೂವತ್ತೇಳು ವರ್ಷ ತಾಳ್ಮೆಯಿಂದ ಕಾದವರು ಆ ದಿನವನ್ನು ನೋಡಲಿಲ್ಲ.

ರಾಜೀವನಗರದ ಯಾವ ಜಗಲಿಯ ಮೇಲಾದರೂ ಸೀಮೆಸುಣ್ಣದಿಂದ ಮನೆ ಗೀಚಿ ಚೌಕಾಬಾರ ಆಡುವ ಮಕ್ಕಳನ್ನು ಕಂಡು ಗದರಿಸುವ ಮೊದಲು, ಹಿರಿಯರು ಈ ದೊರೆಯನ್ನು ಒಮ್ಮೆ ನೆನೆಯಬೇಕು. ನಮ್ಮ ಉಪಾಧ್ಯಾಯರು ಗಣಿತದ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅರವತ್ತನಾಲ್ಕು ಮನೆಗಳನ್ನು ಬರೆದು, ಕುದುರೆಯನ್ನು ಹುಡುಗರ ಕೈಗೆ ಬಿಡಲಿ. ಮೊದಲ ಸಲ ಅದು ನಡುದಾರಿಯಲ್ಲೇ ನಿಂತುಬಿಡುವುದು ಖಂಡಿತ. ಆಗ ಮುಮ್ಮಡಿಯವರ ಕಥೆಯನ್ನು ಹೇಳಲು ತಕ್ಕ ಸಮಯ.