ಅನಂತ ಪೈ: ಚಿತ್ರಕಥೆಯ ಎರಡು ಮಾದರಿಗಳು ಮತ್ತು ಕನ್ನಡದ ಮೊದಲ ಹತ್ತು ಸಂಚಿಕೆಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತೀಯ ಮಕ್ಕಳ ಓದನ್ನು ರೂಪಿಸಿದವರಲ್ಲಿ ಅನಂತ ಪೈ (1929–2011) ಪ್ರಮುಖರು. ‘ಅಮರ ಚಿತ್ರಕಥೆ’ ಮಾಲೆಯ ಸಂಪಾದಕರಾಗಿ, ‘ಟಿಂಕಲ್’ ಪತ್ರಿಕೆಯ ಸ್ಥಾಪಕ ಸಂಪಾದಕರಾಗಿ, ಎಳೆಯ ಓದುಗರ ಪಾಲಿನ ಅಂಕಲ್ ಪೈ ಆಗಿ ಅವರು ದೇಶದಾದ್ಯಂತ ಪರಿಚಿತರು. ಕನ್ನಡ ಅಧ್ಯಯನದ ದೃಷ್ಟಿಯಿಂದ ಅವರ ಬದುಕು ಎರಡು ಪ್ರಶ್ನೆಗಳನ್ನು ಎತ್ತುತ್ತದೆ. ಪ್ರತಿಸ್ಪರ್ಧಿಯಾಗಿ ನಿಂತ ಪಾಶ್ಚಾತ್ಯ ಚಿತ್ರಕಥೆಗಿಂತ ಅವರ ಚಿತ್ರಕಥೆ ರಚನೆಯಲ್ಲಿ ಹೇಗೆ ಭಿನ್ನವಾಯಿತು ಎಂಬುದು ಮೊದಲನೆಯದು. ಈ ಮಾಲೆಯ ಆರಂಭದಲ್ಲಿ ಕನ್ನಡಕ್ಕಿದ್ದ ಸ್ಥಾನ ಮರೆಗೆ ಸರಿದದ್ದು ಹೇಗೆ ಎಂಬುದು ಎರಡನೆಯದು. ಇವೆರಡೂ ಪರಸ್ಪರ ಸಂಬಂಧವುಳ್ಳ ಪ್ರಶ್ನೆಗಳು.

ಅನಂತ ಪೈ 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ಈಗ ಉಡುಪಿ ಜಿಲ್ಲೆಗೆ ಸೇರಿರುವ ಈ ಊರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ತಂದೆ ವೆಂಕಟರಾಯ, ತಾಯಿ ಸುಶೀಲಾ. ಎರಡು ವರ್ಷ ತುಂಬುವಷ್ಟರಲ್ಲಿ ಅವರು ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿ, ಮಾಹಿಮ್‌ನ ಓರಿಯೆಂಟ್ ಶಾಲೆಯಲ್ಲಿ ಕಲಿತು, ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ರಾಸಾಯನಿಕ ತಂತ್ರಜ್ಞಾನಗಳನ್ನು ಅಭ್ಯಾಸ ಮಾಡಿದರು. ಕರಾವಳಿಯ ಬಹುಭಾಷಿಕ ಪರಿಸರದಿಂದ ಮಹಾನಗರದ ಮತ್ತೊಂದು ಬಹುಭಾಷಿಕ ಪರಿಸರಕ್ಕೆ ನಡೆದ ಈ ವಲಸೆ ಅವರ ಮುಂದಿನ ಕೆಲಸದ ಹಿನ್ನೆಲೆಯಾಗಿ ಗಮನಾರ್ಹವಾಗಿದೆ. ಯಾವುದೇ ಒಂದು ಭಾಷೆಯ ಸಾಹಿತ್ಯ ಪರಂಪರೆಯೊಳಗೆ ನಿಂತು ಬರೆಯುವ ಲೇಖಕರಾಗಿ ಅವರು ಬೆಳೆಯಲಿಲ್ಲ. ಒಂದು ಕಥೆಯನ್ನು ಹಲವು ಭಾಷೆಗಳಿಗೆ ಸಲ್ಲುವಂತೆ ಸಂಯೋಜಿಸುವ ಸಂಪಾದಕರಾಗಿ ಬೆಳೆದರು.

ವಿಜ್ಞಾನದ ಪದವಿ ಕೈಯಲ್ಲಿದ್ದರೂ ಅವರ ಒಲವು ಪ್ರಕಾಶನದ ಕಡೆಗಿತ್ತು. 1954ರಲ್ಲಿ ಅವರು ಆರಂಭಿಸಿದ ‘ಮಾನವ’ ಎಂಬ ಮಕ್ಕಳ ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು. ಆ ಸಂಸ್ಥೆ 1964ರ ಮಾರ್ಚ್‌ನಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯನ್ನು ಹೊರತಂದಾಗ ಅದರ ಕೆಲಸದಲ್ಲಿ ಪೈ ಪಾಲ್ಗೊಂಡರು. ಈ ಮಾಲೆಯ ಮುಖ್ಯ ಬಂಡವಾಳ ಅಮೆರಿಕದ ಲೀ ಫಾಕ್ (1911–1999) ಸೃಷ್ಟಿಸಿದ ಫ್ಯಾಂಟಮ್ ಮತ್ತು ಮಾಂಡ್ರೇಕ್ ಕಥೆಗಳಾಗಿದ್ದವು. ತಾವು ಮುಂದೆ ಎದುರಿಸಬೇಕಾಗಿದ್ದ ಪ್ರತಿಸ್ಪರ್ಧಿಯ ಸರಕನ್ನೇ ಭಾರತದ ಮಾರುಕಟ್ಟೆಗೆ ಹೊಂದಿಸುವ ಕೆಲಸದಲ್ಲಿ ಪೈ ಚಿತ್ರಕಥೆಯ ಕಸುಬನ್ನು ಕಲಿತರು.

ಫಾಕ್ 1934ರಲ್ಲಿ ಮಾಂಡ್ರೇಕ್‌ನನ್ನೂ 1936ರಲ್ಲಿ ಫ್ಯಾಂಟಮ್‌ನನ್ನೂ ದಿನಪತ್ರಿಕೆಗಳ ಪಟ್ಟಿಚಿತ್ರಗಳಾಗಿ ಆರಂಭಿಸಿದ್ದರು. ದಿನಕ್ಕೆ ಮೂರು ನಾಲ್ಕು ಚೌಕಟ್ಟುಗಳು, ಪ್ರತಿದಿನದ ಕೊನೆಗೊಂದು ಕುತೂಹಲದ ತಿರುವು, ಒಂದು ಸಾಹಸ ಮುಗಿಯುತ್ತಲೇ ಮತ್ತೊಂದರ ಆರಂಭ ಎಂಬುದು ಆ ಮಾದರಿಯ ಸ್ವರೂಪ. ಅಲ್ಲಿ ನಾಯಕ ಸಾಯುವಂತಿಲ್ಲ. ಫ್ಯಾಂಟಮ್ ತಂದೆಯಿಂದ ಮಗನಿಗೆ ದಾಟಿಬರುವ ಪದವಿಯಾದ್ದರಿಂದ ಕಾಡಿನ ಜನ ಅವನನ್ನು ಅಮರನೆಂದೇ ನಂಬುತ್ತಾರೆ. ಬಿಳಿಯ ನಾಯಕನೊಬ್ಬ ಕಪ್ಪು ಜನರ ನಡುವೆ ರಕ್ಷಕನಾಗಿ, ನ್ಯಾಯಾಧಿಪತಿಯಾಗಿ ನೆಲೆಗೊಳ್ಳುವ ಈ ಕಥನದಲ್ಲಿ ವಸಾಹತುಶಾಹಿ ಕಲ್ಪನೆ ಸ್ಪಷ್ಟವಾಗಿದೆ. ಇಂದ್ರಜಾಲದ ಸಂಪಾದಕರು ಭಾರತೀಯ ಓದುಗರಿಗೆ ಇರುಸುಮುರುಸಾಗದಂತೆ ಕೆಲವು ಹೆಸರುಗಳನ್ನು ಬದಲಿಸಿದರು. ಬಂಗಾಳವನ್ನು ನೆನಪಿಸುವ ನಾಡಿನ ಹೆಸರು ಡೆಂಕಾಲಿ ಎಂದಾಯಿತು. ಹೆಸರು ಬದಲಾದರೂ ಕಥನದ ಅಧಿಕಾರ ಸಂಬಂಧ ಬದಲಾಗಲಿಲ್ಲ.

ಪೈ ಅವರ ಮಾಲೆಯ ಹುಟ್ಟನ್ನು ಸಾಮಾನ್ಯವಾಗಿ 1967ರ ಒಂದು ಪ್ರಸಂಗದೊಂದಿಗೆ ಜೋಡಿಸಲಾಗುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಅವರು ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರು. ಒಲಿಂಪಸ್ ಬೆಟ್ಟದ ಗ್ರೀಕ್ ದೇವತೆಯ ಹೆಸರನ್ನು ಬಲ್ಲ ಸ್ಪರ್ಧಿಗಳಿಗೆ ರಾಮನ ತಾಯಿಯ ಹೆಸರು ತಿಳಿದಿರಲಿಲ್ಲ. ಈ ಕೊರತೆಯನ್ನು ತುಂಬಲು ಅವರು ಟೈಮ್ಸ್ ಸಂಸ್ಥೆಯನ್ನು ತೊರೆದರು. ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮಿರ್ಚಂದಾನಿ ಅವರ ಯೋಜನೆಗೆ ಬೆಂಬಲವಿತ್ತರು. ಪೈ ಬರೆದು ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಸಂಪುಟದಿಂದ ಭಾರತೀಯ ಕಥೆಗಳ ಸರಣಿ ಮೊದಲಾಯಿತು.

ಆದರೆ ‘ಕೃಷ್ಣ’ ಸಂಪುಟದ ಮೂಲ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಅದಕ್ಕಿಂತ ಮೊದಲಿನ ಹತ್ತು ಸಂಚಿಕೆಗಳು ಕನ್ನಡದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಅಮರ ಚಿತ್ರಕಥೆ ಎಂಬ ಹೆಸರಿನಲ್ಲೇ ಕನ್ನಡ ಸಂಚಿಕೆಗಳು ಹೊರಬಂದಿದ್ದವು. ಅವುಗಳ ವಸ್ತು ಮಾತ್ರ ಭಾರತೀಯವಾಗಿರಲಿಲ್ಲ. ಸಿಂಡ್ರೆಲಾ, ಜ್ಯಾಕ್ ಮತ್ತು ಹುರುಳಿಗಿಡ ಮೊದಲಾದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು ಅವು. ಇವುಗಳ ಮಾರಾಟದ ಯಶಸ್ಸೇ ಮುಂಬಯಿಯ ಕೇಂದ್ರ ಕಚೇರಿಗೆ ಧೈರ್ಯ ತುಂಬಿತೆಂಬುದು ಬೆಂಗಳೂರಿನ ಕಡೆಯ ನಿರೂಪಣೆ.

ಈ ಎರಡು ಮೂಲಕಥನಗಳನ್ನು ಪರಸ್ಪರ ವಿರುದ್ಧವೆಂದು ಭಾವಿಸಿ ಒಂದನ್ನು ಉಳಿಸಿ ಮತ್ತೊಂದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಅವು ಎರಡು ಬೇರೆ ಸಂಗತಿಗಳನ್ನು ವಿವರಿಸುತ್ತವೆ. ಬಣ್ಣದ ಚಿತ್ರಕಥೆಗೆ ದೇಶಭಾಷೆಯಲ್ಲಿ ಓದುಗರಿದ್ದಾರೆ ಎಂಬುದನ್ನು 1965ರ ಕನ್ನಡ ಪ್ರಯೋಗ ತೋರಿಸಿತು. ಆ ಓದುಗರಿಗೆ ಯಾವ ಕಥೆ ಸಲ್ಲಬೇಕು ಎಂಬುದನ್ನು 1967ರಲ್ಲಿ ಪೈ ನಿರ್ಧರಿಸಿದರು. ಮಾಧ್ಯಮ ಕನ್ನಡದ್ದು ಮತ್ತು ವಸ್ತು ಪರಕೀಯ ಎಂಬ ಸ್ಥಿತಿ, ವಸ್ತು ದೇಶೀಯ ಮತ್ತು ಮೊದಲ ಬರವಣಿಗೆಯ ಭಾಷೆ ಇಂಗ್ಲಿಷ್ ಎಂಬ ಸ್ಥಿತಿಗೆ ತಿರುಗಿತು. ಪೈ ಅವರ ಸಾಧನೆಯ ಹಿರಿಮೆಯೂ ಅದರ ಮಿತಿಯೂ ಈ ಪಲ್ಲಟದಲ್ಲೇ ಇವೆ.

ಹಿರಿಮೆಯನ್ನು ಮೊದಲು ಪರಿಶೀಲಿಸಬಹುದು. ಫಾಕ್ ಅವರ ಅಂತ್ಯವಿಲ್ಲದ ಸಾಹಸಮಾಲೆಗೆ ಬದಲಾಗಿ ಪೈ ಸುಮಾರು ಮೂವತ್ತು ಪುಟಗಳಲ್ಲಿ ಪೂರ್ಣಗೊಳ್ಳುವ ಚರಿತವನ್ನು ರೂಪಿಸಿದರು. ಜನನ, ಬಾಲ್ಯದ ಲಕ್ಷಣ, ಪರೀಕ್ಷೆ, ಸಿದ್ಧಿ ಎಂಬ ಕ್ರಮದಲ್ಲಿ ಸಾಗುವ ಈ ರಚನೆಗೆ ಭಾರತೀಯ ಪುರಾಣ ಮತ್ತು ಚರಿತಕಾವ್ಯಗಳ ನಡೆ ಹತ್ತಿರದ್ದಾಗಿದೆ. ಫ್ಯಾಂಟಮ್‌ನ ಓದುಗ ಮುಂದೇನಾಗುವುದೆಂದು ತಿಳಿಯದೆ ಓದುತ್ತಾನೆ. ‘ಕೃಷ್ಣ’ದ ಓದುಗನ ಮನೆಯಲ್ಲಿ ಕಥೆ ಮೊದಲೇ ತಿಳಿದಿರುತ್ತದೆ. ಅವನ ಕುತೂಹಲ ಘಟನೆಯ ಬಗ್ಗೆ ಅಲ್ಲ, ಅದನ್ನು ಕಾಣಿಸುವ ಬಗೆಯ ಬಗ್ಗೆ. ಕೇಳಿದ ಕಥೆಯನ್ನೇ ಬಯಲಾಟದಲ್ಲಿ ಮತ್ತೆ ನೋಡಲು ಹೋಗುವ ಪ್ರೇಕ್ಷಕನ ಮನೋಧರ್ಮವಿದು. ಚೌಕಟ್ಟಿನ ಮೇಲಂಚಿನಲ್ಲಿ ಬರುವ ನಿರೂಪಣೆಯ ಸಾಲು ಭಾಗವತರ ಕೆಲಸವನ್ನೂ ಮಾತಿನ ಗುಳ್ಳೆಗಳು ಪಾತ್ರಗಳ ಅರ್ಥಗಾರಿಕೆಯನ್ನೂ ನಿರ್ವಹಿಸುತ್ತವೆ. ಕಸುಬನ್ನು ಪ್ರತಿಸ್ಪರ್ಧಿಯಿಂದ ಪಡೆದರೂ ಅದರ ಕಾಲಕಲ್ಪನೆಯನ್ನು ಪೈ ಸ್ವೀಕರಿಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಮಾಲೆ ಬೇರೂರಿದ್ದು ನಿಧಾನವಾಗಿ. ಚಿತ್ರಕಥೆ ಮಕ್ಕಳ ಓದನ್ನು ಕೆಡಿಸುತ್ತದೆಂಬ ಶಿಕ್ಷಕರ ಮತ್ತು ಪೋಷಕರ ಶಂಕೆಯನ್ನು ಪೈ ಎದುರಿಸಬೇಕಾಯಿತು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತ ವಿಚಾರಸಂಕಿರಣ ನಡೆಯಿತು. ಇಂತಹ ಪ್ರಯತ್ನಗಳಿಂದ ಮಾಲೆಗೆ ಶಾಲೆಯ ಮನ್ನಣೆ ದೊರೆಯಿತು. ಪುರಾಣಗಳಿಂದ ಆರಂಭವಾದ ವಸ್ತು ಸಂತರು, ಅರಸರು, ರಾಷ್ಟ್ರನಾಯಕರವರೆಗೆ ಹಬ್ಬಿತು. ಕಮಲಾ ಚಂದ್ರಕಾಂತ್, ಸುಬ್ಬರಾವ್ ಮೊದಲಾದ ಲೇಖಕ ಸಂಪಾದಕರೂ ಪ್ರತಾಪ್ ಮುಳಿಕ್, ದಿಲೀಪ್ ಕದಮ್ ಮೊದಲಾದ ಕಲಾವಿದರೂ ಈ ಬಳಗದಲ್ಲಿದ್ದರು. 1969ರಲ್ಲಿ ಪೈ ‘ರಂಗರೇಖಾ ಫೀಚರ್ಸ್’ ಎಂಬ ವಿತರಣ ಸಂಸ್ಥೆಯನ್ನು ಸ್ಥಾಪಿಸಿದ್ದರು. 1980ರ ನವೆಂಬರ್‌ನಲ್ಲಿ ‘ಟಿಂಕಲ್’ ಆರಂಭವಾಯಿತು. ಮಹಾಭಾರತವನ್ನು 42 ಸಂಚಿಕೆಗಳಲ್ಲಿ ಹೊರತಂದದ್ದು 1980ರ ದಶಕದ ದೊಡ್ಡ ಕೆಲಸ.

ಇದೇ ಅವಧಿಯಲ್ಲಿ ಕನ್ನಡದಲ್ಲಿ ಮತ್ತೊಂದು ಮಾದರಿ ರೂಪುಗೊಂಡಿತು. ಎಲ್. ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಪ್ರಕಟಿಸಿದ ಭಾರತ–ಭಾರತಿ ಪುಸ್ತಕ ಸಂಪದದ 510 ಕಿರುಹೊತ್ತಿಗೆಗಳು ಇದೇ ಬಗೆಯ ಚರಿತಗಳನ್ನು ಗದ್ಯದಲ್ಲಿ ನೀಡಿದವು. ಉದ್ದೇಶದಲ್ಲಿ ಎರಡೂ ಮಾಲೆಗಳು ಸಮೀಪದವು. ಆದರೆ ಒಂದರಲ್ಲಿ ವಾಕ್ಯ ಕನ್ನಡದಲ್ಲೇ ಹುಟ್ಟಿತು, ಇನ್ನೊಂದರಲ್ಲಿ ಅನುವಾದವಾಗಿ ಬಂತು. ಪೈ ಅವರ ಮಾದರಿಯಲ್ಲಿ ಚಿತ್ರ ಸ್ಥಿರ, ಭಾಷೆ ಬದಲಾಗುವ ಅಂಶ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಬರೆದ ಮಾತಿನ ಗುಳ್ಳೆಯೊಳಗೆ ಒತ್ತಕ್ಷರಗಳ ಕನ್ನಡ ಸಾಲನ್ನು ಹೊಂದಿಸಬೇಕಾದಾಗ ವಾಕ್ಯ ಮೊಟಕಾಗುವುದು, ಪ್ರಾದೇಶಿಕ ನುಡಿಗಟ್ಟು ಬಿಟ್ಟುಹೋಗುವುದು ಸಹಜ.

ಈ ಮಿತಿ ಗಡಿಭಾಗದಲ್ಲಿ ಹೆಚ್ಚು ನಿಚ್ಚಳವಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರದೇಶಗಳು ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ನೆಲ. ಏಕೀಕರಣದೊಂದಿಗೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಇವು ಮುಂಬಯಿ ರಾಜ್ಯದಲ್ಲಿದ್ದವು. ರಾಯಬಾಗವಂತೂ ಅದಕ್ಕೂ ಹಿಂದೆ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಅಮರ ಚಿತ್ರಕಥೆ ಕನ್ನಡ ಮತ್ತು ಮರಾಠಿಗಳೆರಡರಲ್ಲೂ ಹೊರಬಂದದ್ದರಿಂದ ಒಂದೇ ಚಿತ್ರದ ಅಡಿಯಲ್ಲಿ ಎರಡು ಲಿಪಿಗಳು ನಿಲ್ಲುತ್ತವೆ. ಎರಡು ಭಾಷೆಯ ಮಕ್ಕಳಿಗೆ ಸಮಾನ ದೃಶ್ಯಸ್ಮೃತಿಯೊಂದನ್ನು ಒದಗಿಸುವ ಸಾಧ್ಯತೆ ಇದರಲ್ಲಿದೆ. ಆದರೆ ಪಾರಿಜಾತದಾಟದ ಊರುಗಳಲ್ಲಿ ಆಡುವ ಕನ್ನಡಕ್ಕೆ, ಅಲ್ಲಿನ ಕೃಷ್ಣ ಕೊರವಂಜಿಯಾಗಿ ಆಡುವ ನಗೆಮಾತಿಗೆ ಆ ಗುಳ್ಳೆಯಲ್ಲಿ ಎಡೆಯಿಲ್ಲ.

1979ರಲ್ಲಿ ಪ್ರಕಟವಾದ ಬಾಬಾಸಾಹೇಬ ಅಂಬೇಡ್ಕರರ ಸಂಪುಟ ಮತ್ತೊಂದು ಬಗೆಯ ಪ್ರಶ್ನೆಯನ್ನು ಮುಂದಿಡುತ್ತದೆ. 1925ರಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿದಾಗ ಅಂಬೇಡ್ಕರರು ಅಲ್ಲಿಗೆ ಬಂದಿದ್ದರು. ಚಳವಳಿ ಕಟ್ಟಿದ್ದು ಇಂತಹ ಊರುಗಳ ಸಭೆಗಳಲ್ಲಿ, ಅಲ್ಲಿಗೆ ನಡೆದುಬಂದ ಜನರಿಂದ. ಅಸಾಮಾನ್ಯ ವ್ಯಕ್ತಿಯೊಬ್ಬನನ್ನು ಕೇಂದ್ರದಲ್ಲಿಟ್ಟು ಮೂವತ್ತು ಪುಟಗಳಲ್ಲಿ ಮುಗಿಯುವ ಚರಿತದ ರಚನೆ ಸಮೂಹವನ್ನು ಹಿನ್ನೆಲೆಯ ಚಿತ್ರವಾಗಿಸಿಬಿಡುತ್ತದೆ. ಪೈ ಅವರ ಮಾಲೆಯ ಮೇಲೆ ಬಂದ ಟೀಕೆಗಳು ಇದಕ್ಕೆ ಪೂರಕವಾಗಿವೆ. ದೇವತೆಗಳಿಗೂ ನಾಯಕರಿಗೂ ಬಿಳಿಯ ಮೈಬಣ್ಣ, ರಾಕ್ಷಸರಿಗೆ ಕಪ್ಪು ಮೈಬಣ್ಣ. ಸ್ತ್ರೀಗೆ ಪತಿವ್ರತೆಯ ಆದರ್ಶ. ಮುಸ್ಲಿಂ ಪಾತ್ರಗಳ ಏಕಮುಖ ನಿರೂಪಣೆ ಮುಂತಾದವನ್ನು ವಿದ್ವಾಂಸರು ಗುರುತಿಸಿದ್ದಾರೆ. ಫಾಕ್‌ನ ಕಾಡಿನಲ್ಲಿದ್ದ ವರ್ಣಶ್ರೇಣಿ ರೂಪಾಂತರ ಹೊಂದಿ ದೇಶೀಯ ಕಥೆಯೊಳಗೆ ಉಳಿದುಕೊಂಡಿತು ಎಂಬುದು ತೌಲನಿಕ ಓದು ತೋರಿಸುವ ಕಹಿಸತ್ಯ.

ದೂರದರ್ಶನದ ಪ್ರಸಾರ ಹಬ್ಬಿದಂತೆ ಎರಡೂ ಮಾಲೆಗಳು ಸೊರಗಿದವು. ಇಂದ್ರಜಾಲ 1990ರಲ್ಲಿ ನಿಂತಿತು. ಅಮರ ಚಿತ್ರಕಥೆಯ ನಿಯತ ಹೊಸ ಸಂಚಿಕೆಗಳು ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಕಂಡು 1991ರಲ್ಲಿ ನಿಂತರೂ ಮರುಮುದ್ರಣಗಳು ಮುಂದುವರಿದವು. 2007ರಲ್ಲಿ ಮಾಲೆಯ ಒಡೆತನ ಎಸಿಕೆ ಮೀಡಿಯಾ ಸಂಸ್ಥೆಗೆ ಹೋಯಿತು. ಪೈ ಕೊನೆಯವರೆಗೂ ಮಕ್ಕಳೊಂದಿಗೆ ಒಡನಾಟ ಉಳಿಸಿಕೊಂಡಿದ್ದರು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತೀಯ ಕಾಮಿಕ್ ಸಮಾವೇಶದಲ್ಲಿ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು.

ಮಾಲೆ ಮರುಮುದ್ರಣಗೊಂಡಾಗ ‘ಕೃಷ್ಣ’ಕ್ಕೆ 501 ಎಂಬ ಹೊಸ ಕ್ರಮಸಂಖ್ಯೆ ಬಂದಿತು. ಹನ್ನೊಂದು ಎಂಬ ಅಂಕಿಯೊಳಗೆ ಅಡಗಿದ್ದ ಕನ್ನಡದ ಗುರುತು ಅದರೊಂದಿಗೆ ಅಳಿಯಿತು. ಇದನ್ನು ಕೇವಲ ಆದ್ಯತೆಯ ಹಕ್ಕುಸಾಧನೆಯಾಗಿ ನೋಡಬೇಕಾಗಿಲ್ಲ. ಆ ಹತ್ತು ಸಂಚಿಕೆಗಳು ಕನ್ನಡದ ಓದುಗವಲಯ 1965ರಲ್ಲೇ ಈ ಹೊಸ ಪ್ರಕಾರಕ್ಕೆ ಸಿದ್ಧವಾಗಿತ್ತು ಎಂಬುದರ ದಾಖಲೆ. ಭಾರತದ ಮಕ್ಕಳಿಗೆ ತಮ್ಮ ಕಥೆಗಳನ್ನು ಚಿತ್ರದಲ್ಲಿ ಮರಳಿ ಕೊಟ್ಟ ಕೀರ್ತಿ ನಿಸ್ಸಂದೇಹವಾಗಿ ಅನಂತ ಪೈ ಅವರದು. ದೇಶೀಯ ವಸ್ತು ಮತ್ತು ಕನ್ನಡದಲ್ಲೇ ಹುಟ್ಟಿದ ಮಾತು ಒಂದೇ ಚೌಕಟ್ಟಿನಲ್ಲಿ ಕೂಡುವ ಮೂರನೆಯ ಮಾದರಿ ಅವರ ಮಾಲೆಯ ಆಚೆಗೇ ಉಳಿಯಿತು. ಗಡಿಭಾಗದ ಬಯಲಾಟ, ಪಾರಿಜಾತಗಳ ಮೌಖಿಕ ಸಂಪತ್ತನ್ನು ಮಕ್ಕಳ ಓದಿಗೆ ತರಬಯಸುವವರಿಗೆ ಅವರ ಸಾಧನೆ ಮತ್ತು ಮಿತಿ ಎರಡೂ ಪಾಠವಾಗಬಲ್ಲವು.